ಬೊಗಳದ ನಾಯಿ

"ಇವಳ ದನಿ ತೆಗೆದುಬಿಡಿ ಡಾಕ್ಟ್ರೇ."

ಪಶುವೈದ್ಯರು ಸ್ಟೆತಾಸ್ಕೋಪನ್ನು ಕಿವಿಯಿಂದ ಕೆಳಗಿಳಿಸಿದರು. ಮೂವತ್ತು ವರ್ಷದಲ್ಲಿ ಕಾಲು ಮುರಿದುಕೊಂಡ ನಾಯಿ, ಗಡ್ಡೆ ಬಂದ ನಾಯಿ, ಕಾಲುಚೀಲ ನುಂಗಿದ ನಾಯಿ ಎಲ್ಲವೂ ಅವರ ಮೇಜಿನ ಮೇಲೆ ಮಲಗಿ ಎದ್ದು ಹೋಗಿದ್ದವು. ಹೀಗೆ ಕೇಳಿದವಳು ಇವಳೇ ಮೊದಲು.

"ಏನಂದ್ರಿ?"

"ಗಂಟಲಲ್ಲಿ ಏನೋ ಸಣ್ಣ ಆಪರೇಷನ್ ಮಾಡಿದ್ರೆ ಬೊಗಳೋ ಸದ್ದು ಹೋಗುತ್ತಂತಲ್ಲ. ಅದನ್ನ ಮಾಡಿ. ಇವತ್ತೇ ಮಾಡಿ."

ಹೆಂಗಸಿಗೆ ಮೂವತ್ತೈದು ಇರಬಹುದು. ನಿದ್ದೆಗೆಟ್ಟ ಕಣ್ಣು, ಬಾಚದ ಕೂದಲು. ಹೊರಗೆ ಕುರ್ಚಿಗಳೆಲ್ಲ ಖಾಲಿಯಿದ್ದರೂ ಔಷಧಿ ಬೀರುವಿನ ಮರೆಯಲ್ಲಿ ನಿಂತೇ ಇದ್ದಳೆಂದು ಸಿಸ್ಟರ್ ಆಗಲೇ ಬಂದು ಪಿಸುಗುಟ್ಟಿ ಹೋಗಿದ್ದರು. ಚೀಟಿಯಲ್ಲಿ ವಿಳಾಸ ಬರೆದಿರಲಿಲ್ಲ.

ನಾಯಿ ಮಾತ್ರ ಬಂಗಾರದಂಥದ್ದು. ಮೈಯೆಲ್ಲ ಕಂದು, ಎಡಗಿವಿ ಅರ್ಧ ಬಿಳಿ. ಪಕ್ಕದ ಗೂಡಿನ ಬೆಕ್ಕು ಬುಸುಗುಟ್ಟಿತು. ಸಿಸ್ಟರ್ ಕೈಯಿಂದ ಸ್ಟೀಲ್ ತಟ್ಟೆ ಜಾರಿ ನೆಲಕ್ಕೆ ಬಿತ್ತು. ನಾಯಿ ಕಮಕ್ ಕಿಮಕ್ ಎನ್ನಲಿಲ್ಲ.

"ಇದು ಬೊಗಳೋದೇ ಇಲ್ವಲ್ಲಮ್ಮ!"

"ಯಾವಾಗಲೂ ಇಲ್ಲ. ಒಂದೊಂದು ಸಲ."

"ಒಂದೊಂದು ಸಲಕ್ಕೆ ಗಂಟಲು ಕುಯ್ಯಿಸ್ತೀರಾ?"

"ಒಂದು ಸಲ ಬೊಗಳಿದ್ರೂ ಸಾಕು, ನಾವೆಲ್ಲಿದೀವಿ ಅಂತ ಗೊತ್ತಾಗಿಬಿಡುತ್ತೆ." ಅಂದವಳು ಥಟ್ಟನೆ ತುಟಿ ಕಚ್ಚಿಕೊಂಡಳು.

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಊರಿನವರು ಅವರನ್ನು ಕರೆಯುತ್ತಿದ್ದದ್ದೇ ಮೂಗರ ಡಾಕ್ಟ್ರು ಅಂತ. ಬಾಯಿಲ್ಲದ ಜೀವಗಳ ಪರವಾಗಿ ತಾವೇ ಮಾತಾಡಬೇಕೆಂದು ನಂಬಿದ್ದ ಮನುಷ್ಯ.

"ನಾನು ಕತ್ತರಿ ಹಿಡಿಯೋದು ಜೀವ ಉಳಿಸೋಕೆ. ದನಿ ಕೀಳೋಕಲ್ಲ. ಬೇರೆ ಕಡೆ ನೋಡ್ಕೊಳ್ಳಿ."

ಆಕೆ ಹೋಗಲಿಲ್ಲ. ಮೇಜಿನ ಅಂಚು ಹಿಡಿದು ಅಲ್ಲೇ ಕುಸಿದಳು. "ಕಾಲಿಗೆ ಬೀಳ್ತೀನಿ ಡಾಕ್ಟ್ರೇ. ಮೂರು ಕಡೆ ಕೇಳಿ ಬಂದೆ, ಎಲ್ರೂ ಬೈದು ಕಳಿಸಿದ್ರು. ಇವಳನ್ನ ಎಲ್ಲಾದ್ರೂ ಬಿಟ್ಟುಬಿಡೋಣ ಅಂತ ನಿನ್ನೆ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಕೈ ಬರಲಿಲ್ಲ. ಇನ್ನೇನು ಮಾಡ್ಲಿ ಹೇಳಿ?"

ಡಾಕ್ಟರು ನಾಯಿಯ ಮೈ ಸವರಿದರು. ಬಲಗಡೆ ಪಕ್ಕೆಲುಬಿನಲ್ಲಿ ಗಂಟು ಸಿಕ್ಕಿತು. ಮುರಿದು ಕೂಡಿಕೊಂಡ ಮೂಳೆ.

"ಇದೇನು?"

"ಏಟು ಬಿತ್ತು. ನಾನು ಅಡ್ಡ ಹೋಗೋಷ್ಟರಲ್ಲಿ ತಡವಾಗಿತ್ತು."

ಒಳ್ಳೆ ಕಥೆ ಕಟ್ಟುತ್ತಾಳೆ ಎಂದುಕೊಂಡರು. ಕೈ ಕಿವಿಯ ಹತ್ತಿರ ಹೋಯಿತು. ಆ ಅರ್ಧ ಬಿಳಿ ಕಿವಿಯನ್ನು ಎಲ್ಲೋ ನೋಡಿದ್ದರು.

ನೆನಪಾಯಿತು. ನಾಲ್ಕು ದಿನದ ಹಿಂದೆ ಒಬ್ಬ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಮೊಬೈಲಿನಲ್ಲಿ ಇದೇ ನಾಯಿಯ ಫೋಟೊ ತೋರಿಸಿ ಕಣ್ಣೊರೆಸಿಕೊಂಡಿದ್ದ. "ಊರಿನ ಎಲ್ಲಾ ಪ್ರಾಣಿ ಆಸ್ಪತ್ರೆಗೂ ಹೋಗಿ ಬಂದೆ ಡಾಕ್ಟ್ರೇ. ಯಾರು ಕರ್ಕೊಂಡು ಬಂದ್ರೂ ನನಗೊಂದು ಫೋನ್ ಮಾಡಿ. ಮನೆ ಬಿಕೋ ಅಂತಿದೆ."

ಕದ್ದ ನಾಯಿ! ಬೊಗಳಿದರೆ ಸಿಕ್ಕಿಬೀಳುತ್ತೇನೆಂದು ಗಂಟಲನ್ನೇ ಕತ್ತರಿಸಲು ಹೊರಟವಳು! ಡಾಕ್ಟರು ಮುಖದ ಮೇಲೆ ನಗು ತಂದುಕೊಂಡರು.

"ಆಗಲಿ, ಮಾಡೋಣ. ಆದ್ರೆ ನನ್ನ ರೀತಿಯಲ್ಲಿ. ಮೊದಲು ರಕ್ತಪರೀಕ್ಷೆ, ಅದಿಲ್ಲದೆ ಅರಿವಳಿಕೆ ಕೊಡಲ್ಲ. ರಿಪೋರ್ಟ್ ಬರೋಕೆ ಅರ್ಧ ಗಂಟೆ."

"ನೋವಾಗುತ್ತಾ?"

"ನೋವಿಗೆ ಮೊದಲೇ ಇಂಜೆಕ್ಷನ್ ಕೊಟ್ಟಿರ್ತೀವಿ. ಮೈ ತಣ್ಣಗಾಗದ ಹಾಗೆ ಕೆಳಗೆ ಬೆಚ್ಚನೆ ಹಾಸಿಗೆ, ಕಾಲಿಗೆ ಡ್ರಿಪ್. ಉಸಿರು, ಎದೆಬಡಿತ ನೋಡೋಕೆ ಸಿಸ್ಟರ್ ಪಕ್ಕದಲ್ಲೇ ಇರ್ತಾರೆ. ಒಳ್ಳೆ ನಿದ್ದೆ ಮಾಡಿ ಎದ್ದ ಹಾಗೆ ಏಳುತ್ತೆ."

"ಎಚ್ಚರ ಆದಾಗ ಅವಳಿಗೆ ಮೊದಲು ನಾನೇ ಕಾಣಿಸ್ಬೇಕು. ಬೇರೆ ಯಾರೂ ಕಾಣಿಸಬಾರದು."

"ನೀವೇ ಕಾಣಿಸ್ತೀರಿ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸದ್ದೇ ಬರಲಿಲ್ಲ. ಹಾಗೆ ಅಳುವುದು ಅಭ್ಯಾಸವಾದವರ ಅಳು ಅದು. "ಇವತ್ತು ರಾತ್ರಿ ನಾವಿಬ್ರೂ ನಿದ್ದೆ ಮಾಡ್ತೀವಿ ಡಾಕ್ಟ್ರೇ," ಎಂದಳು. ನಾಯಿ ಅವಳ ಮೊಣಕೈ ನೆಕ್ಕಿತು.

ನಾಟಕ ಚೆನ್ನಾಗಿ ಆಡುತ್ತಾಳೆ ಎಂದುಕೊಂಡು ಡಾಕ್ಟರು ಹೊರಗೆ ಬಂದು ಫೋನ್ ಹಚ್ಚಿದರು.

"ನಿಮ್ಮ ನಾಯಿ ಸಿಕ್ಕಿದೆ. ಒಬ್ಬ ಹೆಂಗಸು ತಂದಿದ್ದಾಳೆ."

ಆ ಕಡೆಯಿಂದ ಮೆಲ್ಲಗೆ, "ಅವಳಿಗೆ ಏನೂ ಹೇಳ್ಬೇಡಿ. ಹೇಗಾದ್ರೂ ಕೂರಿಸ್ಕೊಂಡಿರಿ. ಹತ್ತು ನಿಮಿಷದಲ್ಲಿ ಬಂದೆ."

ಎಂಟೇ ನಿಮಿಷಕ್ಕೆ ಹೊರಗೆ ಬೈಕು ನಿಂತಿತು.

ಆತ ಹೆಲ್ಮೆಟ್ ತೆಗೆಯುವುದಕ್ಕೆ ಮುಂಚೆಯೇ ಒಳಕೋಣೆಯಲ್ಲಿ ನಾಯಿ ಬೊಗಳಿತು. ಒಂದಲ್ಲ, ಎರಡಲ್ಲ. ಎದೆ ಬಿರಿಯುವ ಹಾಗೆ, ಗೋಡೆ ಅದುರುವ ಹಾಗೆ, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದ ಹಾಗೆ.

"ನೋಡಿ, ಗಾಡಿ ಸದ್ದಿಗೇ ಯಜಮಾನರ ಗುರುತು ಹಿಡೀತು," ಎಂದು ಡಾಕ್ಟರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಯಜಮಾನನನ್ನು ಕಂಡ ನಾಯಿಯ ಖುಷಿ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಇದು ಖುಷಿಯಾಗಿರಲಿಲ್ಲ. ಒಳಗೆ ಮೇಜನ್ನು ಎಳೆದು ಬಾಗಿಲಿಗೆ ಒತ್ತಿದ ಸದ್ದು ಕೇಳಿತು. ಡಾಕ್ಟರು ತಮಗೇ ಗೊತ್ತಿಲ್ಲದಂತೆ ಹಿಂದೆ ಸರಿದು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಕೂತ್ಕೊಳ್ಳಿ. ನಾಯಿನ ಇಲ್ಲಿಗೇ ತರಿಸ್ತೀನಿ."

ಆತ ಕೂರಲಿಲ್ಲ. ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚಿಕೊಂಡ.

"ನಾಯಿನ ನೀವೇ ಇಟ್ಕೊಳ್ಳಿ ಡಾಕ್ಟ್ರೇ," ಎಂದ ಅದೇ ಮೆಲುದನಿಯಲ್ಲಿ. "ನಾನು ಹುಡುಕ್ತಿದ್ದಿದ್ದು ನನ್ನ ಹೆಂಡತೀನ."