ಮೂರು ಬೆರಳಿನ ಸಂದು

“ಇವಳು ರಜೆ ಹಾಕ್ಬೇಕು ಅಂತ ಒಂದು ಚೀಟಿ ಬರ್ಕೊಡ್ರಿ ಮೇಡಂ, ಸಾಕು” ಎಂದು ಅನ್ನಪೂರ್ಣಮ್ಮ ಒಳಗೆ ಕಾಲಿಟ್ಟವರೇ ಹೇಳಿಬಿಟ್ಟರು.

“ಮೊದ್ಲು ಕುಂತ್ಕಳ್ರಿ ಅಮ್ಮ” ಎಂದು ಫಿಸಿಯೋಥೆರಪಿಸ್ಟ್ ಲತಾ ನಕ್ಕಳು. ಸೊಸೆ ಶಿವಗಂಗಾಗೆ ನಾಚಿಕೆಯಾಯಿತು. ಏಳು ತಿಂಗಳ ಬಸುರಿ ಅವಳು. ಹೊಳಲ್ಕೆರೆಯ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳ ಜೊತೆ ನೆಲದ ಮೇಲೆ ಕೂತು ಎದ್ದು ಕಲಿಸುವವಳು. ಹದಿನೈದು ದಿನದಿಂದ ಸೊಂಟ ಹಿಡಿದು, ಬೆಳಿಗ್ಗೆ ಹಾಸಿಗೆಯಿಂದ ಏಳಲು ಗಂಡ ನಾಗರಾಜ್ ಕೈ ಕೊಡಬೇಕಿತ್ತು. ಆದರೂ ಶಾಲೆ ಬಿಡಲು ಅವಳು ಒಪ್ಪಿರಲಿಲ್ಲ. ತಿಳಿದವರ ಬಾಯಿಂದಲೇ ಹೇಳಿಸೋಣವೆಂದು ಅತ್ತೆ ಚಿತ್ರದುರ್ಗದ ಬಸ್ಸು ಹತ್ತಿ ಜೊತೆಗೆ ಬಂದಿದ್ದರು.

ಲತಾ ಪರೀಕ್ಷಿಸಿ ಹೇಳಿದಳು: “ಹೊಟ್ಟೆಯ ಸ್ನಾಯು ಸೊಂಟಕ್ಕೆ ಬಿಗಿದ ಪಟ್ಟಿ ಇದ್ದಂಗೆ ಅಮ್ಮ. ಕೂಸು ಬೆಳೆದಂಗೆ ಅದು ಹಿಗ್ಗಿ ಸಡಿಲ ಆಗುತ್ತೆ. ಭಾರ ಎಲ್ಲಾ ಬೆನ್ನಿಗೆ ಬೀಳುತ್ತೆ. ಮಲಗೇ ಇದ್ರೆ ಆಗಲ್ಲ, ಮೆತ್ತಗೆ ಅದಕ್ಕೆ ಕೆಲಸ ಕೊಡ್ಬೇಕು.”

ಲತಾ ತೋರಿಸಿದಂತೆ ಶಿವಗಂಗಾ ಚಾಪೆಯ ಮೇಲೆ ಮಂಡಿ, ಅಂಗೈ ಊರಿದಳು.

“ಅಯ್ಯೋ ಶಿವನೇ! ಬಸುರಿ ಹೆಂಗಸು ಹಿಂಗೆ ಬಗ್ತಾಳೇನ್ರಿ? ಕೂಸಿಗೇನಾದ್ರೂ ಆದ್ರೆ?”

ಲತಾ ಅನ್ನಪೂರ್ಣಮ್ಮನವರ ಕೈ ಹಿಡಿದು ಸೊಸೆಯ ಹೊಟ್ಟೆಯ ಪಕ್ಕಕ್ಕೆ ಇಟ್ಟಳು. “ಈಗ ಉಸಿರು ಬಿಡ್ರಿ ಶಿವಗಂಗಾ. ಕೂಸನ್ನ ಒಳಗಿಂದ್ಲೇ ಒಂಚೂರು ಎತ್ಕೊಂಡಂಗೆ.” ಅಂಗೈ ಕೆಳಗೆ ಏನೋ ಮೆಲ್ಲಗೆ ಬಿಗಿಯಿತು. ಅದರ ಹಿಂದೆಯೇ ಟಪ್ಪನೆ ಒಂದು ಒದೆ.

“ಒದೀತು! ನಮ್ಮ ಕೂಸು ಒದೀತು ಕಣೆ!” ಅನ್ನಪೂರ್ಣಮ್ಮ ಚೀಟಿ ಮರೆತರು. ಕೈ ಮಾತ್ರ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ ಕೇಳಿದರು: “ಈ ಪಟ್ಟಿ ನಂಗೂ ಐತೇನವ್ವ?”

“ಎಲ್ಲರಿಗೂ ಐತೆ. ನಿಮಗೂ ಸೊಂಟ ನೋವಾ?”

“ಅದು ಇದ್ದಿದ್ದೇ ಬಿಡು. ನಾಗರಾಜ ಹುಟ್ಟಿದಾಗಿಂದ ಐತೆ.”

ಶಿವಗಂಗಾ ಚಾಪೆಯ ಮೇಲಿಂದಲೇ ಕತ್ತು ತಿರುಗಿಸಿದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದನ್ನು ಅವರ ಗತ್ತು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಲತಾ ಅನ್ನಪೂರ್ಣಮ್ಮನವರನ್ನು ಅಂಗಾತ ಮಲಗಿಸಿ, ತಲೆ ಎತ್ತಿಸಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಬೆರಳಿಟ್ಟು ನೋಡಿದಳು. ಬೆರಳು ಒಳಕ್ಕಿಳಿಯಿತು. “ಮೂರು ಬೆರಳು ಸಂದು ಐತಮ್ಮ. ಬಸುರಲ್ಲಿ ಆ ಪಟ್ಟಿ ನಡುವೆ ಬಿಟ್ಕೊಂಡಿದ್ದು ಪೂರ್ತಿ ಕೂಡೇ ಇಲ್ಲ. ಯಾರೂ ಹೇಳ್ಲಿಲ್ವಾ?”

“ಯಾರು ಕೇಳಿದ್ರು, ಹೇಳಾಕೆ?” ಅನ್ನಪೂರ್ಣಮ್ಮ ಸೂರು ನೋಡುತ್ತಾ ನಕ್ಕರು. “ಈಗ ಮಾಡಿದ್ರೂ ಆಗ್ತೈತಾ?”

“ದಿನಾ ಮಾಡ್ರಿ. ನೋವು ಇಳಿಯುತ್ತೆ.”

ಹತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಶಿವಗಂಗಾ ಮಗ್ಗುಲಾಗಿ, ಯಾರ ಕೈಯೂ ಹಿಡಿಯದೆ ತಾನೇ ಎದ್ದಳು. ಪಡಸಾಲೆಗೆ ಬಂದರೆ ಅತ್ತೆ ಆಗಲೇ ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಮಂಡಿಯೂರಿದ್ದರು. “ಬಾರೆ, ಹೊತ್ತಾತು. ಶಾಲೆಗೆ ಹೋಗ್ಬೇಕಲ್ಲ” ಎಂದರು. ಶಿವಗಂಗಾ ಪಕ್ಕದಲ್ಲಿ ಮಂಡಿಯೂರಿದಳು.

ನಾಗರಾಜ್ ಕಣ್ಣುಜ್ಜುತ್ತಾ ಬಂದ. “ಅವ್ವಾ, ಕಾಫಿ...” ಎಂದವನು ಅಲ್ಲೇ ನಿಂತುಬಿಟ್ಟ.

ಅನ್ನಪೂರ್ಣಮ್ಮ ತಲೆ ಎತ್ತದೆ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಹೇಳಿದರು: “ನೀನೇ ಕಾಸಪ್ಪ, ನಮಗೂ ಎರಡು ಲೋಟ ತಾ. ನಿನ್ನ ಹೆತ್ತು ಮೂವತ್ತೊಂದು ವರ್ಷ ಆತು. ಬಾಣಂತನ ಈಗ ಮಾಡಿಸ್ಕಳ್ತಾ ಇದೀನಿ.”