ಸೀರೆಯ ಗಂಟು

ಮನೆಯವರಂತೆ ನೋಡಿಕೊಳ್ಳುತ್ತೇವೆ ಎಂದು ಬೋರ್ಡು ಹಾಕಿದ್ದ ಆ ವೃದ್ಧಾಶ್ರಮದಲ್ಲಿ, ತಂಗೆವ್ವ ಎದ್ದು ಓಡಾಡದಿರಲೆಂದು ಅವಳ ಕೈಗಳನ್ನು ಅವಳದೇ ಹಳೆಯ ಸೀರೆಯ ಚೂರಿನಿಂದ ಮಂಚಕ್ಕೆ ಕಟ್ಟುತ್ತಿದ್ದರು. ಹೋದ ಸಲ ಬಂದಿದ್ದ ಮಗಳಿಗೆ ಅವಳು ಅದನ್ನು ಹೇಳಿದ್ದಳು. ಆಶ್ರಮದ ಒಡತಿ ನಕ್ಕು, "ವಯಸ್ಸಾತಲ್ರೀ, ನಿಮ್ಮವ್ವಗ ಭ್ರಾಂತಿ ಹಿಡದೈತಿ" ಅಂದಿದ್ದಳು. ಮಗಳು ಒಡತಿಯನ್ನೇ ನಂಬಿ ಹೋಗಿದ್ದಳು.

ಈ ಹೊತ್ತು ಬೆಳಗಿನಿಂದ ತಂಗೆವ್ವ ಆಯಾಳನ್ನು ಬೇಡುತ್ತಿದ್ದಳು. "ಬಿಚ್ಚವ್ವಾ, ನಿನ್ನ ಕಾಲಿಗೆ ಬೀಳ್ತೇನಿ."

"ಕೈ ಕಟ್ಟಿಸಿಕೊಂಡು ಕಾಲಿಗೆ ಹೆಂಗ ಬೀಳ್ತಿ, ಅಜ್ಜಿ?" ಎಂದು ಆಯಾ ನಗುತ್ತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ಮಗಳ ದನಿ ಕೇಳಿತು. ಒಡತಿ ಓಡಿಬಂದು, "ಲಗೂನ ಬಿಚ್ಚು" ಅಂದಳು. ಆಯಾ ಗಂಟಿಗೆ ಕೈ ಹಾಕಿದಳು.

ತಂಗೆವ್ವ ಗಂಟನ್ನು ತನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಳು.

"ಬಿಚ್ಚಬ್ಯಾಡ. ಆಕಿ ಒಳಗ ಬರಲಿ."