ಎರಡನೆಯ ಬಂಪರ್

ಜೀಪಿನ ಹಿಂಬದಿಗೆ ಹಾಕಿಸಲೆಂದು ನೋಡುತ್ತಿದ್ದ ಹೊಸ ಬಂಪರಿನಲ್ಲಿ, ಸ್ಟೆಪ್ನಿ ಟೈರ್ ಹೊರುವ ಕಬ್ಬಿಣದ ತೋಳಿಗೆ ಅಕ್ಕ ಎರಡೂ ಕೈ ಹಾಕಿ ಜೋತುಬಿದ್ದಳು. ಬುಡದ ಬೆಸುಗೆ ಕಿರ್ರೆಂದಿತು.

“ಮೇಡಂ, ಅದು ಟೈರಿಗೆ ಮಾಡಿದ್ದು, ನಿಮಗಲ್ಲ,” ಎಂದ ಗ್ಯಾರೇಜಿನವನು.

“ಕಲ್ಲುದಾರೀಲಿ ಜೀಪ್ ಕುಣಿಯೋವಾಗ ಟೈರ್ ನನಗಿಂತ ಭಾರ ಆಗುತ್ತೆ. ಇನ್ನೊಂದು ತೋರಿಸಿ.”

ತಮ್ಮ ಊರುಗೋಲು ಹಿಡಿದು ಪಕ್ಕದಲ್ಲಿ ನಿಂತಿದ್ದ. ನಾಲ್ಕು ತಿಂಗಳ ಹಿಂದೆ, ಗುಡ್ಡದ ಏರಿನಲ್ಲಿ ಅವಳ ಜೀಪಿನ ಸ್ಟೆಪ್ನಿ ಕಳಚಿಕೊಂಡು, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಅವನ ಮೇಲೆಯೇ ಉರುಳಿತ್ತು. ಅಂದಿನಿಂದ ಇಬ್ಬರೂ ಆ ಮಾತೆತ್ತಿರಲಿಲ್ಲ.

ಎರಡನೆಯ ಬಂಪರಿನ ತೋಳು ದಪ್ಪ, ಚಿಲಕವೂ ಎರಡು. ಅಕ್ಕ ಕೈ ಚಾಚಿದಳು. ಅಷ್ಟರಲ್ಲಿ ತಮ್ಮ ಕುಂಟುತ್ತಾ ಬಂದು, ಊರುಗೋಲನ್ನು ಅವಳ ಕೈಗಿತ್ತು, ತಾನೇ ಆ ತೋಳಿಗೆ ಜೋತುಬಿದ್ದ. ಅದು ಅಲುಗಲಿಲ್ಲ.

“ಇದನ್ನೇ ಹಾಕಿ,” ಎಂದು ಗ್ಯಾರೇಜಿನವನಿಗೆ ಹೇಳಿದ. ಆಮೇಲೆ ಅವಳ ಕಡೆ ತಿರುಗಿದ. “ಕಾಲು ಸರಿಹೋದ್ಮೇಲೆ ನಾನು ನಿನ್ನ ಹಿಂದೇನೇ ಬರೋದು, ಅಕ್ಕಾ.”